ಕೆಡುವ ಕೆಲಸಕ್ಕೊಂದು ವರ್ಗಣಿ

‘ವರ್ಗಣಿ’ ಎಂಬ ಶಬ್ದ ಕೇಳಿ ಬಾಗಿಲು ಹಾಕಿಕೊಳ್ಳುವವರು ನಮ್ಮ ಜಮಖಂಡಿ ಸೀಮೆಯಲ್ಲಿ ಕಡಿಮೆ. ಮೈಸೂರ ಕಡೆಯವರು ಇದಕ್ಕೆ ಚಂದಾ ಎನ್ನುತ್ತಾರೆ, ವಂತಿಗೆ ಎನ್ನುತ್ತಾರೆ. ಆ ಶಬ್ದಗಳಿಗೆ ಯಾಕೋ ರಸೀದಿಯ ವಾಸನೆ. ವರ್ಗಣಿಗೆ ಊರಿನ ವಾಸನೆ. ಹುನ್ನೂರದಲ್ಲಿ ನಾಲ್ಕು ಜನ ಹಿರಿಯರು ಬಗಲಲ್ಲಿ ವಹಿ ಹಿಡಿದು ಓಣಿಗೆ ಇಳಿದರೆಂದರೆ ಜಾತ್ರೆಯೋ, ಗುಡಿಯ ಕಳಸವೋ, ಸಪ್ತಾಹವೋ ಯಾವುದಾದರೊಂದು ಇದ್ದೇ ಇರುತ್ತದೆ. ಕಬ್ಬಿನ ಬಿಲ್ಲು ಇನ್ನೂ ಕೈಗೆ ಬಂದಿರುವುದಿಲ್ಲ. ಆದರೂ ಹೆಸರಿನ ಮುಂದೆ ಅಂಕಿ ಬೀಳುತ್ತದೆ. ಅದು ಎಷ್ಟೆಂಬುದನ್ನು ಮಾತ್ರ ನೆರೆಮನೆಯವನ ಅಂಕಿ ನಿರ್ಣಯಿಸುತ್ತದೆ.

ಇದು ಗುಡಿಗಷ್ಟೇ ಮೀಸಲಾದ ಔದಾರ್ಯವೆಂದು ಯಾರೂ ತಿಳಿಯಬಾರದು. ೧೯೮೯ರಲ್ಲಿ ಇದೇ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರೇ ಹಣ ಕೂಡಿಸಿ, ರೈತರೇ ಮೈಮುರಿದು ಬ್ಯಾರೇಜು ಕಟ್ಟಿದರು. ಕೃಷ್ಣಾ ತೀರ ರೈತ ಸಂಘದ ಮುಂದಾಳು ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರೇ ಅಂಟಿತು. ೧೯೯೧ರ ಲೋಕಸಭೆಯ ಚುನಾವಣೆಯಲ್ಲಿ ಆ ಹೆಸರು ರಾಮಕೃಷ್ಣ ಹೆಗಡೆಯವರಂಥವರನ್ನು ಬಾಗಲಕೋಟೆಯಲ್ಲಿ ಸೋಲಿಸಿತು. ಕಟ್ಟಿದ ನೀರಿಗೆ ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು. ಹೆಸರಿನಲ್ಲಿ ಸ್ವಲ್ಪ ಭಾಷಣದ ಧಾಟಿ ಇದೆಯೆಂದು ನಗುವವರು ಬೇಸಗೆಯಲ್ಲಿ ಆ ದಂಡೆಯ ಮೇಲೊಮ್ಮೆ ನಿಂತು ಬರಲಿ.

ಆದರೆ ಒಂದು ಮಾತು. ಗೋಡೆ ಕಟ್ಟಿದರೆ ನೀರು ನಿಲ್ಲುತ್ತದೆಂಬುದು ಹಣ ಕೊಟ್ಟವರಿಗೆಲ್ಲ ಗೊತ್ತಿತ್ತು. ಕಳಸ ಏರಿಸಿದರೆ ಏರುತ್ತದೆಂಬುದೂ ಗೊತ್ತು. ಆದೀತೋ ಇಲ್ಲವೋ ತಿಳಿಯದ ಕೆಲಸಕ್ಕೆ, ಹತ್ತರಲ್ಲಿ ಎಂಟು ಸಲ ಕೆಡುವ ಕೆಲಸಕ್ಕೆ, ವಹಿ ಹಿಡಿದು ಬಂದವರನ್ನು ನಾನು ಕಂಡಿಲ್ಲ.

ಈ ಯೋಚನೆ ನನಗೆ ಹತ್ತಿದ್ದು ಹುನ್ನೂರದ ಗೆಳೆಯನೊಬ್ಬನ ಗಂಟಲಿನಿಂದ. ಭಜನೆಯ ಮೇಳದಲ್ಲಿ ಅವನದು ಮುಂದಿನ ದನಿ. ಬೀಡಿಯಲ್ಲಿಯೂ ಅವನದೇ ಮುಂದಿನ ಕೈ. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅಂದಿನಿಂದ ಉಸಿರು ಕೊರಳಲ್ಲಿ ಮಾಡಿದ ತೂತಿನಿಂದ. ಕೆಲವು ತಿಂಗಳು ಪಾಟಿ ಬಳಪ ಹಿಡಿದು ಸಂಸಾರ ಮಾಡಿದ. ಪಾಟಿಯ ಮೇಲೆ ಜಗಳವಾಡುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಇವನು ಉತ್ತರ ಬರೆದು ಮುಗಿಸುವಷ್ಟರಲ್ಲಿ ಹೆಂಡತಿ ಅಡಿಗೆಮನೆಗೆ ಹೋಗಿರುತ್ತಿದ್ದಳು. ಭಜನೆಯ ದಿನ ಮಾತ್ರ ಗುಡಿಯ ಕಡೆ ಸುಳಿಯುತ್ತಿರಲಿಲ್ಲ. ತಾಳವನ್ನಾದರೂ ಹಾಕು ಎಂದರೆ ಪಾಟಿಯ ಮೇಲೆ ‘ಬ್ಯಾಡ’ ಎಂದು ಬರೆದು, ಅದನ್ನೂ ಅಳಿಸಿಬಿಡುತ್ತಿದ್ದ.

ಅನಂತರ ಅವನಿಗೊಂದು ವಾಲ್ವು ಕೂಡಿಸಿದರು. ಕಿರುಬೆರಳ ತುದಿಯಷ್ಟಿರುವ ಸಿಲಿಕೋನಿನ ತುಂಡು. ಗಾಳಿಗೊಳವೆಗೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಸಣ್ಣ ದಾರಿ ಮಾಡಿ ಅದನ್ನು ಅಲ್ಲಿ ನಿಲ್ಲಿಸುತ್ತಾರೆ. ಕೊರಳಿನ ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವಿನೊಳಗಿಂದ ಅನ್ನನಾಳಕ್ಕೆ ಹಾಯುತ್ತದೆ, ಅಲ್ಲಿನ ಮಾಂಸದ ಪದರು ನಡುಗುತ್ತದೆ, ಆ ನಡುಕವೇ ದನಿಯಾಗುತ್ತದೆ. ಗಾಳಿಗೆ ಹೋಗುವ ದಾರಿ ಇದೆ, ಅನ್ನ ನೀರಿಗೆ ಬರುವ ದಾರಿ ಇಲ್ಲ. ಜಾಣತನವೆಲ್ಲ ಇದೊಂದು ಬಾಗಿಲಿನಲ್ಲಿ. ಅಮೆರಿಕದ ಮಾರ್ಕ್ ಸಿಂಗರ್ ಎಂಬ ಶಸ್ತ್ರವೈದ್ಯರೂ ಎರಿಕ್ ಬ್ಲಾಮ್ ಎಂಬ ವಾಕ್‌ತಜ್ಞರೂ ೧೯೮೦ರ ಸುಮಾರಿಗೆ ಈ ಯುಕ್ತಿಯನ್ನು ಲೋಕದ ಮುಂದಿಟ್ಟರು.

ಗೆಳೆಯ ಬೆರಳಿಟ್ಟು ಆಡಿದ ಮೊದಲ ಮಾತು ದೇವರ ಹೆಸರಲ್ಲ. ಪಾಟಿಯ ಕಾಲದಿಂದ ಬಾಕಿ ಉಳಿದ ಒಂದು ಬೈಗುಳ. ಹೆಂಡತಿ ಅತ್ತುಬಿಟ್ಟಳು.

ಈ ಬಾಗಿಲು ಬಹುಕಾಲ ಬಾಳುವಂಥದಲ್ಲ. ತೇವದಲ್ಲಿ ಅದರ ಮೇಲೆ ಬೂಷ್ಟು ಬೆಳೆದು ಬಾಯಿ ಸರಿಯಾಗಿ ಕೂಡುವುದಿಲ್ಲ. ಚಹಾ ಕುಡಿದಾಗ ಕೆಮ್ಮು ಬಂದರೆ ವಾಲ್ವು ಸೋರುತ್ತಿದೆಯೆಂದು ಅರ್ಥ. ಕೆಲವು ತಿಂಗಳಿಗೊಮ್ಮೆ, ಹೆಚ್ಚೆಂದರೆ ವರುಷಕ್ಕೊಮ್ಮೆ ಬದಲಿಸಬೇಕು. ಪರದೇಶದಿಂದ ಬರುವ ವಾಲ್ವಿನ ಬೆಲೆ ಹದಿನೈದು ಸಾವಿರದಿಂದ ಮೂವತ್ತು ಸಾವಿರವೆಂದು ಹತ್ತು ವರ್ಷದ ಕೆಳಗೆ ಪತ್ರಿಕೆಗಳು ಬರೆದಿದ್ದವು. ಬರೆದದ್ದು ಬೆಂಗಳೂರಿನ ಡಾಕ್ಟರ್ ವಿಶಾಲ್ ರಾವ್ ಅವರೂ ಅವರ ಗೆಳೆಯರಾದ ಉದ್ಯಮಿ ಶಶಾಂಕ್ ಮಹೇಶ್ ಅವರೂ ಕೂಡಿ ‘ಓಂ’ ಎಂಬ ಹೆಸರಿನ ವಾಲ್ವನ್ನು ರೂಪಿಸಿದ ಸಂದರ್ಭದಲ್ಲಿ. ಅದಕ್ಕೆ ಅವರು ಹೇಳಿದ ಬೆಲೆ ಐವತ್ತು ರೂಪಾಯಿ! ಈ ಅಂಕಿಯನ್ನು ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ.

ಹಾಗಾದರೆ ಆ ಸಾವಿರಗಳೆಲ್ಲ ಯಾವುದರ ಬೆಲೆ? ಲಾಭಕೋರತನವೆಂದು ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದರಲ್ಲಿ ಸುಳ್ಳೂ ಇಲ್ಲ. ಆದರೆ ಅದೊಂದೇ ಅಲ್ಲ. ಒಂದು ಒಳ್ಳೆಯ ವಾಲ್ವಿನ ಹಿಂದೆ ಸೋರಿದವು, ಸಿಡಿದವು, ಒಳಗೆ ಕೂಡದೆ ಹೊರಗೆ ಬಿದ್ದವು ಎಷ್ಟೋ ಇರುತ್ತವೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಗೆ ಹೊಸ ನಮೂನೆ ಕೂಡಿಸಬೇಕಾದರೆ ಮಗ್ಗ ನಿಲ್ಲುತ್ತದೆ. ಮೊದಲ ಗಜದ ನೂಲು ಹಾಳಾಗುತ್ತದೆ. ನಿಂತ ಮಗ್ಗಕ್ಕೆ ಕೂಲಿ ಇಲ್ಲ. ಆ ಹಾಳನ್ನು ಹೊರುವ ಸಾವಕಾರನಿಲ್ಲದಿದ್ದರೆ ಹಳೆಯ ನಮೂನೆಯೇ ಗತಿ. ಔಷಧ ಯಂತ್ರಗಳ ಹಾಳನ್ನು ಯಾರೂ ಮೊದಲೇ ಹೊರದಿದ್ದರೆ ಕೊನೆಗೆ ಅದು ರೋಗಿಯ ಬಿಲ್ಲಿನಲ್ಲಿ ಬಂದು ಕೂಡುತ್ತದೆ.

ನಮ್ಮಲ್ಲಿ ಹೊರುವವರೇ ಇಲ್ಲವೆಂದಲ್ಲ. ಭಾರತ ಸರ್ಕಾರ ೨೦೧೨ರಲ್ಲಿ ‘ಬೈರಾಕ್’ ಎಂಬ ಸಂಸ್ಥೆಯನ್ನು ಇದಕ್ಕೆಂದೇ ಸ್ಥಾಪಿಸಿತು. ಅದರ ‘ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್’ ಎಂಬ ಯೋಜನೆಯಲ್ಲಿ, ಇನ್ನೂ ಕಾಗದದ ಮೇಲಷ್ಟೇ ಇರುವ ಕಲ್ಪನೆಯೊಂದು ನಡೆದೀತೇ ಎಂದು ಪರೀಕ್ಷಿಸಲು ಹದಿನೆಂಟು ತಿಂಗಳಿಗೆ ಐವತ್ತು ಲಕ್ಷದ ವರೆಗೆ ಕೊಡುತ್ತಾರೆ. ಬೆಂಗಳೂರಿನಲ್ಲಿ ೨೦೦೯ರಲ್ಲಿ ಹುಟ್ಟಿದ ‘ಸಿ-ಕ್ಯಾಂಪ್’ ಈ ಹಣವನ್ನು ಯೋಗ್ಯರಿಗೆ ಮುಟ್ಟಿಸುವ ಸಂಸ್ಥೆಗಳಲ್ಲೊಂದು. ಇಗ್ನಿಷನ್ ಎಂದರೆ ಕಿಡಿ ಹೊತ್ತಿಸುವುದು. ಹೆಸರು ಚೆನ್ನಾಗಿದೆ. ಆದರೆ ಒಲೆ ಹೊತ್ತಿಸಿದವರಿಗೆ ಗೊತ್ತು, ಕಿಡಿಗಿಂತ ಕಷ್ಟ ಮುಂದಿನ ಅರ್ಧ ತಾಸು. ಪ್ರಯೋಗಶಾಲೆಯಲ್ಲಿ ಗೆದ್ದದ್ದನ್ನು ಅಪಾಯವಿಲ್ಲವೆಂದು ಸಾಧಿಸಿ, ರೋಗಿಗಳಲ್ಲಿ ಪರೀಕ್ಷಿಸಿ, ಪರವಾನಿಗೆ ಪಡೆದು ಆಸ್ಪತ್ರೆಗೆ ತರುವ ದಾರಿಗೆ ಈ ಐವತ್ತು ಲಕ್ಷ ಸಾಲದು. ಬಂಡವಾಳಗಾರನೋ, ವಾಲ್ವು ಮೊದಲು ಮಾರಾಟವಾಗಲಿ ನೋಡೋಣ ಎನ್ನುತ್ತಾನೆ. ಎಷ್ಟೋ ಒಳ್ಳೆಯ ಕಲ್ಪನೆಗಳು ಹೊಗೆಯಾಡಿ ಆರುವುದು ಈ ನಡುದಾರಿಯಲ್ಲಿಯೇ. ೨೦೨೦-೨೧ರ ಲೆಕ್ಕದಂತೆ ದೇಶ ಗಳಿಸಿದ ಪ್ರತಿ ನೂರು ರೂಪಾಯಿಯಲ್ಲಿ ಎಲ್ಲ ಬಗೆಯ ಸಂಶೋಧನೆಗೂ ಸೇರಿ ಹೋದದ್ದು ಅರವತ್ತನಾಲ್ಕು ಪೈಸೆ. ಗೆಳೆಯನ ಗಂಟಲಿನ ಪಾಲು ಅದರೊಳಗೆ ಎಷ್ಟೆಂದು ಹುಡುಕುವುದು!

ದಾನಿಗಳೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಣ್ಣುಬಿಟ್ಟದ್ದು ೧೯೦೯ರಲ್ಲಿ. ಅದಕ್ಕೆಂದು ಆಸ್ತಿ ಮುಡಿಪಿಟ್ಟ ಜಮಶೇಟಜಿ ಟಾಟಾ ೧೯೦೪ರಲ್ಲಿಯೇ ತೀರಿಕೊಂಡಿದ್ದರು. ಅದೇ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ ೨೦೨೨ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ೪೨೫ ಕೋಟಿ ಕೊಟ್ಟರು. ದೊಡ್ಡ ಮನಸ್ಸು. ಆದರೂ ಆಸ್ಪತ್ರೆಯ ಗೋಡೆಗೆ ಹೆಸರಿನ ಕಲ್ಲು ಕೂಡಿಸಬಹುದು. ಸೋರಿದ ವಾಲ್ವಿಗೆ ಯಾರ ಹೆಸರು ಕೆತ್ತುವುದು?

ಇದನ್ನೆಲ್ಲ ಕಳೆದ ಸಲ ಗೆಳೆಯನ ಮುಂದೆ ಹೇಳಿದೆ. ಅವನು ಕೊರಳಿಗೆ ಬೆರಳಿಟ್ಟುಕೊಂಡ.

“ಗುಡಿಗೆ ಐದು ಸಾವಿರ ಬರಿಸೇನಿ. ಇದಕ್ಕ ಯಾರಾರ ವಹಿ ತಂದಿದ್ರ ಒಲ್ಲೆ ಅಂತಿದ್ನೇನು?”

“ಹತ್ತರಾಗ ಎಂಟು ಕೆಟ್ಟುವು ಅಂತ ಲೆಕ್ಕ ಓದಿದರ?”

ಉಸಿರು ತುಂಬಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕು.

“ಎರಡು ಉಳದಾವಲ್ಲ. ಒಂದು ಇಲ್ಲೈತಿ.”