ಕೈ ಈಗ ಎಲ್ಲಿದೆ?

ನೇರ ಮೇಲಕ್ಕೆ ಎಸೆದ ಚೆಂಡು ಇನ್ನೂ ಏರುತ್ತಿದೆ. ಕೈಬಿಟ್ಟು ಅರ್ಧ ಸೆಕೆಂಡಾಗಿದೆ. ಗಾಳಿಯ ತಡೆ ಲೆಕ್ಕಕ್ಕಿಲ್ಲ. ಚೆಂಡಿನ ಮೇಲಿರುವ ಬಲಗಳನ್ನು ಬಾಣ ಹಾಕಿ ತೋರಿಸಿ.

ಅವಳು ಎರಡು ಬಾಣ ಹಾಕಿದ್ದಳು. ಕೆಳಕ್ಕೆ ಒಂದು, ಗುರುತ್ವದ್ದು. ಮೇಲಕ್ಕೆ ಒಂದು, ಸ್ವಲ್ಪ ಉದ್ದದ್ದು; ಅದರ ಪಕ್ಕ ‘ಕೈಯ ಬಲ’ ಎಂದು ಬರೆದಿದ್ದಳು. ಚೆಂಡು ಏರುತ್ತಿದೆ ಎಂದಮೇಲೆ ಏರಿಸುವಂಥದ್ದು ಏನೋ ಇರಬೇಕಲ್ಲ! ಅಧ್ಯಾಪಕರು ಉದ್ದನೆಯ ಬಾಣವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಬದಿಯಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ಕೈ ಈಗ ಎಲ್ಲಿದೆ? ಒಟ್ಟು ಅಂಕ 100ಕ್ಕೆ 52.

ನ್ಯೂಜೆರ್ಸಿಯ ಒಂದು ಕಮ್ಯುನಿಟಿ ಕಾಲೇಜು ಅದು. ಅವಳಿಗೆ 35 ವರ್ಷ. ಪಕ್ಕದ ಬೆಂಚಿನವರಿಗೆ 19. ಅಮೆರಿಕದ ಕಾಲೇಜುಗಳಲ್ಲಿ ಮೊದಲ ಹಂತದ ಫಿಸಿಕ್ಸ್‌ಗೆ ಸಾಮಾನ್ಯವಾಗಿ ಎರಡು ದಾರಿ. ಎಂಜಿನಿಯರಿಂಗ್ ಕಡೆಗೆ ಹೋಗುವವರದು ಕ್ಯಾಲ್ಕುಲಸ್ ದಾರಿ. ವೈದ್ಯಕೀಯ, ಫಿಸಿಯೋಥೆರಪಿ, ಜೀವವಿಜ್ಞಾನಗಳ ಕಡೆಗೆ ಹೊರಟವರಲ್ಲಿ ಬಹಳ ಜನರದು ಆಲ್ಜೀಬ್ರಾ ದಾರಿ: ಬೀಜಗಣಿತ ಮತ್ತು ಒಂದಿಷ್ಟು ತ್ರಿಕೋನಮಿತಿ ಗೊತ್ತಿದ್ದರೆ ಸಾಕು. ಅವಳಿಗೆ ಫಿಸಿಯೋಥೆರಪಿ ಓದುವ ಆಸೆ. ಅಲ್ಲಿ ಅದು ಪದವಿಯ ನಂತರದ 3 ವರ್ಷದ ಡಾಕ್ಟರೇಟ್. ಸೇರಬೇಕಾದರೆ ಲ್ಯಾಬ್ ಸಮೇತ ಎರಡು ಸೆಮಿಸ್ಟರ್ ಫಿಸಿಕ್ಸ್ ಸಾಮಾನ್ಯವಾಗಿ ಕೇಳುತ್ತಾರೆ. ಅವಳ ಹತ್ತಿರ ಇದ್ದದ್ದು ಮುಂಬೈಯ ಬಿ.ಕಾಂ.

2006ರಲ್ಲಿ ಹತ್ತನೆಯ ತರಗತಿ ಮುಗಿಸಿದಾಗ ಅವಳಿಗೆ ವಿಜ್ಞಾನದಲ್ಲಿ 84 ಅಂಕ ಬಂದಿತ್ತು. ಅಣ್ಣ ಆಗ ಹನ್ನೆರಡನೆಯ ಸೈನ್ಸ್‌ನಲ್ಲಿದ್ದ. ಅವನ ಕ್ಲಾಸಿನ ಫೀಸಿಗಾಗಿ ಅಪ್ಪ ಕಾರ್ಖಾನೆಯ ಸೊಸೈಟಿಯಿಂದ ಸಾಲ ಎತ್ತಿದ್ದರು. “ಕಾಮರ್ಸ್ ಚಲೋ. ಬ್ಯಾಂಕಿನ್ಯಾಗ ನೌಕರಿ ಸಿಗತೈತಿ,” ಎಂದರು. ಮಾತು ಅಷ್ಟಕ್ಕೇ ಮುಗಿಯಿತು. ಫಾರ್ಮು ತುಂಬಿದ್ದು ಅವಳೇ. ಆಮೇಲೆ ಮನೆಯಲ್ಲಿ ಆ ವಿಷಯ ಬರಲಿಲ್ಲ.

ಲೆಕ್ಕ ಅವಳಿಗೆ ಕಷ್ಟವಾಗಲಿಲ್ಲ. ದೂರದ ಸೂತ್ರದಲ್ಲಿ ಬರುವ ಆ ‘ಅರ್ಧ’ ಎಲ್ಲಿಂದ ಬಂತೆಂದು ಮೊದಲ ವಾರ ತಲೆ ಕೆಡಿಸಿಕೊಂಡಿದ್ದಳು, ಅಷ್ಟೆ. ಅದೂ ಬಿ.ಕಾಂ. ಬುದ್ಧಿಗೆ ನಿಲುಕಿತು. ಕೈಬಿಟ್ಟ ಕಲ್ಲಿನ ವೇಗ ಸೆಕೆಂಡಿಗೆ 9.8 ಮೀಟರಿನಂತೆ ಹೆಚ್ಚುತ್ತ, 2 ಸೆಕೆಂಡಿಗೆ 19.6 ಆಗುತ್ತದೆ. ಶುರುವಿನಲ್ಲಿ ಸೊನ್ನೆ, ಕೊನೆಗೆ 19.6, ಏರಿಕೆ ಸಮಸಮನಾಗಿರುವುದರಿಂದ ಸರಾಸರಿ ಅದರ ಅರ್ಧ, 9.8. ಆ ಸರಾಸರಿಯಲ್ಲಿ 2 ಸೆಕೆಂಡ್ ಬಿದ್ದರೆ 19.6 ಮೀಟರ್. ಕ್ಯಾಲ್ಕುಲಸ್ ಬೇಕೇ ಆಗಲಿಲ್ಲ. ಸೂತ್ರ ಹಾಕಿ ಉತ್ತರ ತೆಗೆಯುವ ಪ್ರಶ್ನೆಗಳಲ್ಲಿ ಅವಳು ತಪ್ಪಿದ್ದು ಕಡಿಮೆ. ಅಂಕ ಹೋದದ್ದೆಲ್ಲ ಅಂಕಿಯೇ ಇಲ್ಲದ ಪ್ರಶ್ನೆಗಳಲ್ಲಿ.

ಆ ರಾತ್ರಿ ಒಂಬತ್ತಕ್ಕೆ ಅಪ್ಪನಿಗೆ ಫೋನ್ ಮಾಡಿದಳು. ಡೊಂಬಿವಲಿಯಲ್ಲಿ ಬೆಳಗಿನ ಆರೂವರೆ. ಅಪ್ಪ ಬಾಗಲಕೋಟೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಐಟಿಐ ಮಾಡಿ, ಪರೇಲ್‌ನ ಕಾರ್ಖಾನೆಯೊಂದರಲ್ಲಿ 31 ವರ್ಷ ಟರ್ನರ್ ಆಗಿದ್ದವರು. ಚೆಂಡಿನ ಕಥೆ ಕೇಳಿ ಅವರು ನಗಲಿಲ್ಲ.

“ಲೋಕಲ್ ಗಾಡ್ಯಾಗ ನಿಂತೀದಿ ಅಂತ ತಿಳಕೋ. ಬ್ರೇಕ್ ಬಿತ್ತು. ಮುಂದಕ್ಕ ಮುಗ್ಗರಿಸಿದಿ. ದಬ್ಬಿದವರು ಯಾರು?”

“ಹಿಂದ ನಿಂತವರು.”

“ಹಿಂದ ಯಾರೂ ಇಲ್ಲ. ಗಾಡಿ ಖಾಲಿ ಐತಿ.”

ಡೊಂಬಿವಲಿಯಿಂದ ಬೆಳಗ್ಗೆ ಹೊರಡುವ ಖಾಲಿ ಗಾಡಿಯನ್ನು ಇಬ್ಬರೂ ಯಾವತ್ತೂ ಕಂಡವರಲ್ಲ. ಅವಳು ಸುಮ್ಮನಾದಳು.

“ಯಾರೂ ದಬ್ಬಿಲ್ಲವಾ. ಗಾಡಿ ನಿಂತಿತು, ನೀ ನಿಲ್ಲಲಿಲ್ಲ. ಸಾಗತಿರೋದಕ್ಕ ಯಾರೂ ದಬ್ಬೋದು ಬೇಕಾಗಿಲ್ಲ. ನಿಲ್ಲಸಾಕ ಬೇಕು.”

ಅವಳ ತಪ್ಪಿಗೆ ದೊಡ್ಡ ಪರಂಪರೆಯೇ ಇದೆ. ಎಸೆದ ವಸ್ತುವಿನೊಳಗೆ ಕೈಯ ಬಲ ಸೇರಿಕೊಂಡು, ಮೆಲ್ಲಗೆ ಕರಗುತ್ತ ಹೋಗುತ್ತದೆ ಎಂದು ಸುಮಾರು 1590ರಲ್ಲಿ ಯುವಕ ಗೆಲಿಲಿಯೊ ಕೂಡ ಬರೆದಿದ್ದ. ಅದನ್ನು ಬಿಟ್ಟು ಹೊರಬರಲು ಅವನಿಗೂ ವರ್ಷಗಳೇ ಹಿಡಿದವು. ಅಮೆರಿಕದ ಡೇವಿಡ್ ಹೆಸ್ಟೆನೀಸ್ ಮತ್ತು ಸಂಗಡಿಗರು 1992ರಲ್ಲಿ ಬಲದ ಕಲ್ಪನೆಯನ್ನು ಪರೀಕ್ಷಿಸಲೆಂದೇ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ಗುಣಾಕಾರ ಭಾಗಾಕಾರಕ್ಕೆ ಜಾಗವೇ ಇಲ್ಲ. ಲೆಕ್ಕಗಳನ್ನು ಸಲೀಸಾಗಿ ಬಿಡಿಸುವವರೂ ಅದರಲ್ಲಿ ಎಡವುತ್ತಾರೆಂದು ಕಾಲೇಜುಗಳಿಗೆ ತಿಳಿದದ್ದು ಹೀಗೆ. ಆಲ್ಜೀಬ್ರಾದ ಫಿಸಿಕ್ಸ್ ಎಂದರೆ ಸುಲಭದ ಫಿಸಿಕ್ಸ್ ಎಂದು ಅವಳೂ ನಂಬಿದ್ದಳು. ಸುಲಭವಾದದ್ದು ಗಣಿತ ಮಾತ್ರ. ಮೈಗೆ ಹುಟ್ಟಿನಿಂದ ಅಂಟಿದ ನಂಬಿಕೆಯನ್ನು ಬಿಡುವ ಕಷ್ಟ ಎರಡೂ ದಾರಿಗಳಲ್ಲಿ ಒಂದೇ.

ಅಧ್ಯಾಪಕರು ಒಂದು ನಿಯಮ ಹೇಳಿಕೊಟ್ಟರು. ಪ್ರತಿ ಬಾಣದ ಪಕ್ಕ ‘ಯಾರಿಂದ, ಯಾರ ಮೇಲೆ’ ಎಂದು ಬರೆಯಬೇಕು. ಕೊಡುವವರ ಹೆಸರು ಹೇಳಲಾಗದಿದ್ದರೆ ಆ ಬಾಣ ಅಳಿಸಬೇಕು. ಭೂಮಿಯಿಂದ, ಚೆಂಡಿನ ಮೇಲೆ. ನೆಲದಿಂದ, ಪೆಟ್ಟಿಗೆಯ ಮೇಲೆ. ಅವಳು ನೋಟ್‌ಬುಕ್ಕಿನ ತುಂಬ ಹಾಗೆ ಬರೆದಳು.

ವಾರಕ್ಕೆ ಮೂರು ದಿನ ಫೋನ್ ಪಾಠ ನಡೆಯಿತು. ಅಪ್ಪನ ಹಳೆಯ ಕನ್ನಡ ಪದಗಳು ಕೆಲವು ಕಡೆ ಕೆಲಸಕ್ಕೆ ಬಂದವು. ದಿಕ್ಕಿಲ್ಲದ್ದು ಜವ, ದಿಕ್ಕಿದ್ದದ್ದು ವೇಗ. ಸ್ಪೀಡ್ ಮತ್ತು ವೆಲಾಸಿಟಿಯ ಗೊಂದಲ ಒಂದೇ ದಿನದಲ್ಲಿ ಹೋಯಿತು. ಕೆಲವು ಕಡೆ ಪದವೇ ದಾರಿ ತಪ್ಪಿಸಿತು. ವೇಗೋತ್ಕರ್ಷ ಎಂದರೆ ವೇಗ ಹೆಚ್ಚುವುದು ಎಂದೇ ಕಿವಿಗೆ ಕೇಳುತ್ತದೆ. ಆದರೆ ಏರುತ್ತ ನಿಧಾನವಾಗುವ ಚೆಂಡಿಗೂ ಕೆಳಮುಖವಾದ ವೇಗೋತ್ಕರ್ಷ ಇದೆ. ತುತ್ತತುದಿಯಲ್ಲಿ ವೇಗ ಸೊನ್ನೆಯಾದಾಗಲೂ ಅದು 9.8 ಆಗಿಯೇ ಇರುತ್ತದೆ. ಅದಕ್ಕೆ ಅಪ್ಪ, ಮಗಳು ಇಬ್ಬರೂ ಎರಡು ದಿನ ಜಗಳಾಡಿದರು.

‘ಕೆಲಸ’ದ ಅಧ್ಯಾಯ ಬಂದಾಗ ಅವಳೇ ನಕ್ಕಳು. ಬಲದ ದಿಕ್ಕಿನಲ್ಲಿ ವಸ್ತು ಸರಿದರೆ ಮಾತ್ರ ಕೆಲಸ. ದಿನಸಿ ಚೀಲ ಹಿಡಿದು ಸಮತಟ್ಟು ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದರೆ ಕೈ ಎತ್ತುವುದು ಮೇಲಕ್ಕೆ, ಚೀಲ ಸಾಗುವುದು ಮುಂದಕ್ಕೆ. ಚೀಲದ ಮೇಲೆ ಕೈ ಮಾಡಿದ ಕೆಲಸ ಸೊನ್ನೆ. ತೋಳು ಸೋಲುವುದು ಸ್ನಾಯುವಿನೊಳಗೆ ಶಕ್ತಿ ಖರ್ಚಾಗುವುದರಿಂದ. ಅವಳದು ಗಂಡನ ನೌಕರಿಯ ಮೇಲೆ ಸಿಕ್ಕ ಎಚ್-4 ವೀಸಾ: ಓದಬಹುದು, ದುಡಿಯಲು ಬೇರೆ ಪರವಾನಗಿ ಬೇಕು. “ಸರಕಾರದ ಪ್ರಕಾರನೂ ನಾನು ಕೆಲಸ ಮಾಡಂಗಿಲ್ಲ, ಫಿಸಿಕ್ಸ್ ಪ್ರಕಾರನೂ ಇಲ್ಲಪ್ಪಾ,” ಎಂದಳು. ಅಪ್ಪ ಆ ಮಾತನ್ನು ಅಮ್ಮನಿಗೆ ಕೂಗಿ ಹೇಳಿದರು. ಅಮ್ಮ ನಗಲಿಲ್ಲ; ಅವರ ಕೈಯಲ್ಲಿ ನೀರಿನ ಬಕೆಟ್ ಇತ್ತಂತೆ.

ಎರಡನೆಯ ಪರೀಕ್ಷೆಯಲ್ಲಿ 74 ಬಂತು. ಡಿಸೆಂಬರಿನಲ್ಲಿ ಸೆಮಿಸ್ಟರ್ ಮುಗಿದಾಗ ಬಿ ಗ್ರೇಡ್. ಫೋನಿನಲ್ಲಿ ಅಪ್ಪ “ಭೇಷ್” ಎಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

“ಆವಾಗ ಎರಡು ಫೀಸು ಆಗತಿರಲಿಲ್ಲವಾ. ನಾನ ಬ್ಯಾಡ ಅಂದೆ.”

‘ಇರಲಿ ಬಿಡ್ರಿ’ ಎಂಬ ಮಾತು ಅವಳ ಬಾಯಿಯವರೆಗೆ ಬಂದಿತ್ತು. ಅವಳು ಅದನ್ನು ಆಡಲಿಲ್ಲ.

“ಹೌದಪ್ಪಾ. ನೀವ ಅಂದಿದ್ದು.”

ಆ ಕಡೆ ಕುಕ್ಕರು ಎರಡು ಸಲ ಕೂಗಿತು.

“ಜನವರಿಯಾಗ ಏನೈತಿ?” ಎಂದು ಅಪ್ಪ ಕೇಳಿದರು.

“ಕರೆಂಟು, ಮ್ಯಾಗ್ನೆಟ್ಟು.”

“ಅದು ನನಗೂ ಅಷ್ಟು ಬರಂಗಿಲ್ಲ. ಅಟ್ಟದ ಮ್ಯಾಲ ನಿಮ್ಮಣ್ಣನ ಹನ್ನೆರಡನೇದ್ದ ಪುಸ್ತಕ ಐತಿ. ಇಳಿಸಿ ಓದತಿರತೀನಿ. ನೀ ಫೋನ್ ಮಾಡು.”