ಒಂದು ಗೇಣು ಹೆಚ್ಚಾಯಿತು

ನಮ್ಮ ಕಡೆ ಗುಜರಿಗೆ ಮರಾಠಿಯಿಂದ ಬಂದ ‘ಭಂಗಾರ’ ಎಂಬ ಹೆಸರಿದೆ. ನಿಪ್ಪಾಣಿ, ಚಿಕ್ಕೋಡಿಯ ಕನ್ನಡದ ಬಾಯಿಗಳಲ್ಲಿ ಆ ಮಹಾಪ್ರಾಣ ಬಹಳ ದಿನ ಬದುಕಲಿಲ್ಲ. ಸೈಕಲ್ಲಿಗೆ ತಕ್ಕಡಿ ಕಟ್ಟಿಕೊಂಡು ಓಣಿಗೆ ಬರುವವನು ‘ಬಂಗಾರ, ಬಂಗಾರ’ ಎಂದೇ ಕೂಗುತ್ತಾನೆ. ಹಳೇ ಗಾಡಿಯ ಹುಚ್ಚು ಹಿಡಿದ ನಮ್ಮ ನಾಲ್ವರಿಗೆ ಆ ಕೂಗಿನಲ್ಲಿ ಈವರೆಗೆ ತಪ್ಪೇನೂ ಕಂಡಿಲ್ಲ.

ನಾಲ್ವರೆಂದರೆ ಚಿಕ್ಕೋಡಿಯ ಮಾಸ್ತರನಾದ ನಾನು, ಅಥಣಿಯಲ್ಲಿ ಚಪ್ಪಲಿ ವ್ಯಾಪಾರ ಮಾಡುವ ಗೆಳೆಯ, ಕಾಗವಾಡದ ಕಬ್ಬಿನ ರೈತ, ಮತ್ತು ನಿಪ್ಪಾಣಿಯ ಮಿಸ್ತ್ರಿ ಕಾಕಾ. ಕಾಕಾನ ಗ್ಯಾರೇಜಿನ ಬೇವಿನ ನೆರಳೇ ನಮ್ಮ ಕಟ್ಟೆ. ಎಲ್ಲರದೂ ಸೇರಿ ಒಂದೂವರೆ ಗಾಡಿಯ ಆಸ್ತಿ: ಮೈಸೂರಿನಲ್ಲಿ ತಯಾರಾದ ಒಂದು ಯೆಜ್ಡಿ, ಮತ್ತು ಜಾಗ ಬಿಟ್ಟು ಕದಲದ ಒಂದು ಅಂಬಾಸಡರ್. ಆದರೆ ಮಾತಿನಲ್ಲಿ ನಾವು ಜಾಗ್ವಾರ್‌ಗಿಂತ ಕೆಳಗೆ ಇಳಿಯುವವರಲ್ಲ.

ಒಂದು ಭಾನುವಾರ ಅಥಣಿಯ ಗೆಳೆಯನ ಮೊಬೈಲಿಗೆ ಒಂದು ಫೋಟೊ ಬಂತು. ರಾಯಬಾಗದ ಹಾದಿಯ ಹಳ್ಳಿಯೊಂದರ ತೋಟದ ಶೆಡ್ಡು. ತಾಡಪತ್ರಿ ಅರ್ಧ ಸರಿಸಿದ ಒಂದು ಕಾರು. ಮೇಲೆ ಟಾಪ್ ಇಲ್ಲ, ಮುಂದೆ ಬಾನೆಟ್ಟೂ ಇಲ್ಲ. ಎಂಜಿನ್ನು, ಮುಂದಿನ ಚಕ್ರಗಳು ಬೆತ್ತಲೆ. ಹಿಂಭಾಗದ ತುಂಬ ತಂಬಾಕಿನ ಬೋದು. ಕೆಳಗೆ ಒಂದು ಸಾಲು: ಇಂಗ್ಲಂಡಿನ ಗಾಡಿ, ಎರಡೇ ಸೀಟು, ಕೊಡುವುದಿದೆ.

“ಎಂಜಿ ಇರಬೇಕ ಬಿಡು,” ಎಂದ ಕಾಗವಾಡದವನು. ಕಾಕಾ ಕನ್ನಡಕ ಏರಿಸಿ, ಚಿತ್ರ ಹಿಗ್ಗಿಸಿ, ಮುಂದಿನ ಚಕ್ರದ ಹತ್ತಿರ ಬೆರಳಿಟ್ಟ. “ಎಂಜಿ ಅಲ್ಲೋ ತಮ್ಮಾ. ಈ ಎಂಜಿನ್ನ ಟ್ರಯಂಫ್‌ದು. ಎರಡೇ ಸೀಟು ಅಂದ್ರ... ಸ್ಪಿಟ್‌ಫೈರ್ ಐತೇನ ನೋಡ್ರಿ.”

ಆ ಹೆಸರು ಕೇಳಿದ್ದೇ ತಡ, ಚಹಾ ಆರಿತು.

ಸ್ಪಿಟ್‌ಫೈರ್ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಗಾಡಿಯಲ್ಲ. ಆದರೆ ಅದರ ಅಣ್ಣ ಬಂದಿದ್ದ. 1959ರಲ್ಲಿ ಇಂಗ್ಲಂಡಿನಲ್ಲಿ ಹುಟ್ಟಿದ ಟ್ರಯಂಫ್ ಹೆರಾಲ್ಡ್, ಮದರಾಸಿನಲ್ಲಿ ತಯಾರಾಗಿ ನಮಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಅಂಬಾಸಡರ್ ಮತ್ತು ಫಿಯೆಟ್ ನಡುವೆ ಬಾಯಿಬಡುಕನಲ್ಲದ ಮೂರನೇ ಮಗನಂತೆ ಓಡಾಡಿಕೊಂಡಿತ್ತು. ಹೆರಾಲ್ಡ್, ಸ್ಪಿಟ್‌ಫೈರ್ ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಜಿಯೊವಾನ್ನಿ ಮಿಕೆಲೊಟ್ಟಿ. ಹೆರಾಲ್ಡಿನ ಛಾಸಿಯನ್ನೇ ಗಿಡ್ಡ ಮಾಡಿ, ಮೇಲೆ ಬೇರೆ ಅಂಗಿ ತೊಡಿಸಿದರೆ ಅದೇ ಸ್ಪಿಟ್‌ಫೈರ್. ಬಾನೆಟ್ಟು, ಮಡ್‌ಗಾರ್ಡು, ದೀಪ ಎಲ್ಲ ಒಂದೇ ತುಂಡಾಗಿ ಮೊಸಳೆ ಬಾಯಿಯ ಹಾಗೆ ಮುಂದಕ್ಕೆ ತೆರೆದುಕೊಳ್ಳುವ ಚಂದ ಇಬ್ಬರಿಗೂ ಇದೆ. ಆ ಬಾಯನ್ನೇ ಕಳಚಿಟ್ಟರೆ ಅಣ್ಣ ಯಾರು ತಮ್ಮ ಯಾರು ಎಂದು ಮೊಬೈಲಿನ ಚಿತ್ರದಲ್ಲಿ ಹೇಳುವುದು ಕಷ್ಟ.

ಈ ಛಾಸಿಯ ಕಥೆಯೂ ಸೊಗಸು. ಟ್ರಯಂಫ್‌ನವರಿಗೆ ಬಾಡಿ ಒತ್ತಿ ಕೊಡುತ್ತಿದ್ದ ಕಂಪನಿಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡಿತು. ಒಂದೇ ಅಚ್ಚಿನ ದೊಡ್ಡ ಬಾಡಿ ಮಾಡಿಸಲು ಜಾಗ ಉಳಿಯಲಿಲ್ಲ. ಅದಕ್ಕೇ ಹಳೇ ಪದ್ಧತಿಯಂತೆ ಬೇರೆ ಛಾಸಿ ಮಾಡಿ, ಬಾಡಿಯನ್ನು ತುಂಡು ತುಂಡಾಗಿ ನಟ್ಟು ಬೋಲ್ಟಿನಿಂದ ಕೂಡಿಸಿದರು. ಜಗಳದಿಂದ ಹುಟ್ಟಿದ ಈ ಉಪಾಯದಿಂದಲೇ ಹೆರಾಲ್ಡಿನ ಮಾಡನ್ನು ಬೋಲ್ಟು ಬಿಚ್ಚಿ ಎತ್ತಿಡಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾವು ಆ ದಿನ ನೆನಪಿಟ್ಟುಕೊಳ್ಳಲಿಲ್ಲ.

ನಮಗೆ ಆಗ ನೆನಪಾದದ್ದು ಬೇರೆ. ಸ್ಪಿಟ್‌ಫೈರ್‌ನ ಮೊದಲ ಮಾದರಿ ತಯಾರಾಗಿದ್ದಾಗ ಕಂಪನಿಯಲ್ಲಿ ಕಾಸಿರಲಿಲ್ಲ. ಅದನ್ನು ಕೋವೆಂಟ್ರಿಯ ಕಾರ್ಖಾನೆಯ ಮೂಲೆಗೆ ತಳ್ಳಿ ಬಟ್ಟೆ ಹೊದಿಸಿಬಿಟ್ಟರು. 1961ರಲ್ಲಿ ಲೇಲ್ಯಾಂಡ್‌ನವರು ಕಂಪನಿ ಕೊಂಡು, ಏನೇನಿದೆ ಎಂದು ನೋಡುತ್ತ ಬಂದವರು ಮುಸುಕು ಎತ್ತಿದರು. 1962ರಲ್ಲಿ ಗಾಡಿ ಪೇಟೆಗೆ ಬಂತು. ನಮ್ಮ ಕಬ್ಬಿನ ಲಾರಿಗಳ ಹಣೆಯ ಮೇಲಿರುವ ಹೆಸರಿನ ಮೂಲದ ಲೇಲ್ಯಾಂಡೇ ಅದು. ಕೋವೆಂಟ್ರಿಯಲ್ಲಿ ಮುಸುಕಿನ ಕೆಳಗೆ ಸಿಕ್ಕಿದ್ದು ರಾಯಬಾಗದಲ್ಲಿ ತಾಡಪತ್ರಿಯ ಕೆಳಗೆ ಯಾಕೆ ಸಿಗಬಾರದು?

ಮಾಲೀಕರಿಗೆ ಫೋನು ಹಚ್ಚಿದೆವು. “ಕಾರ್ಬುರೇಟರ್ ಒಂದ ಐತ್ಯೋ ಎರಡ ಅದಾವೋ ನೋಡ್ರಿ ಅಜ್ಜಾರ,” ಎಂದು ಕಾಕಾ ಕೇಳಿದ. ಮೊದಮೊದಲ ಸ್ಪಿಟ್‌ಫೈರ್‌ಗಾದರೆ ಎರಡು, 1147 ಸಿಸಿ ಎಂಜಿನ್ನು. ನಮ್ಮ ಹೆರಾಲ್ಡಿಗೆ ಒಂದು, 948 ಸಿಸಿ. ಆಚೆಯಿಂದ ಶಾಂತ ದನಿ ಬಂತು: “ಒಂದೂ ಇಲ್ಲರಿ.”

ಮರುದಿನವೇ ಹೊರಟೆವು. ದಾರಿಯುದ್ದಕ್ಕೂ ಕಬ್ಬು. ಅಥಣಿಯ ಗೆಳೆಯ ಆಗಲೇ ಗಾಡಿಗೆ ಬಣ್ಣ ಆರಿಸಿಬಿಟ್ಟಿದ್ದ. ತವಂದಿ ಘಾಟಿನ ತಿರುವುಗಳಲ್ಲಿ ಟಾಪಿಲ್ಲದ ಗಾಡಿ ಹೇಗೆ ಹೊರಳುತ್ತದೆ ಎಂದು ಕಾಗವಾಡದವನು ಕೈಯಲ್ಲೇ ಓಡಿಸಿ ತೋರಿಸುತ್ತಿದ್ದ. ಸ್ವಿಂಗ್ ಆಕ್ಸಲ್ಲಿನ ಗಾಡಿ ಅದು, ಜೋರಾಗಿ ತಿರುಗಿಸಿದರೆ ಹಿಂದಿನ ಚಕ್ರ ಒಳಗೆ ಮಡಚುತ್ತದೆ ಎಂದು ಕಾಕಾ ಎಚ್ಚರಿಸಿದ್ದು ಅವನ ಕಿವಿಗೆ ಬೀಳಲಿಲ್ಲ.

ಶೆಡ್ಡಿನ ಮಾಲೀಕ ಅಜ್ಜ ಎಂಬತ್ತರ ಆಸುಪಾಸು. ಜೀವನವೆಲ್ಲ ಎತ್ತಿನ ವ್ಯಾಪಾರ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವವರ ಎತ್ತುಗಳಿಗೆ ದಾರಿಯ ಮೇಲೆ ನಿಂತೇ ಬೆಲೆ ಕಟ್ಟುತ್ತಿದ್ದರಂತೆ. ನಾವು ಗಾಡಿಯ ಸುತ್ತ ತಿರುಗುವುದನ್ನು ಬಹಳ ಹೊತ್ತು ನೋಡಿ, “ಏನ್ ಹುಡುಕಾಕತ್ತೀರಿ?” ಎಂದರು. ಟೇಪು ಮರೆತು ಬಂದಿದ್ದೆವು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಷ್ಟು ಅಂತರ ಎಂದು ನೋಡಬೇಕಿತ್ತು: ಸ್ಪಿಟ್‌ಫೈರ್ ಆದರೆ 83 ಇಂಚು, ಹೆರಾಲ್ಡ್ ಆದರೆ 91.5.

“ಅದಕ್ಯಾಕ ಟೇಪು?” ಅಜ್ಜ ಕುಕ್ಕರುಗಾಲಿನಲ್ಲಿ ಕೂತು, ಚಕ್ರದ ನಡುವಿನಿಂದ ಗೇಣು ಹಾಕುತ್ತ ಹೊರಟರು. ಗೇಣೆಂದರೆ ಒಂಬತ್ತು ಇಂಚು. ನನ್ನ ತಲೆಯಲ್ಲಿ ಲೆಕ್ಕ ಓಡಿತು. ಒಂಬತ್ತು ಗೇಣು, ಮೇಲೆ ಎರಡು ಇಂಚು ಬಂದರೆ ನಮ್ಮ ಪುಣ್ಯ. ಏಳು, ಎಂಟು, ಒಂಬತ್ತು. ಅಜ್ಜನ ಹೆಬ್ಬೆರಳು ನಿಲ್ಲಲಿಲ್ಲ. ಹತ್ತನೇ ಗೇಣು ಪೂರಾ ಹಾಸಿ, ಮೇಲೆ ಎರಡು ಬೆರಳು ಇಟ್ಟರು.

ಯಾರೂ ಮಾತಾಡಲಿಲ್ಲ. ಬೋದು ಇಳಿಸಿ ನೋಡಿದರೆ ಹಿಂದಿನ ಸೀಟಿನ ಸ್ಪ್ರಿಂಗು ನಮ್ಮನ್ನೇ ನೋಡುತ್ತಿದ್ದವು. ಯಾರೋ ಶೋಕೀಲಾಲ ಮಾಡು ಬಿಚ್ಚಿ, ಮದರಾಸಿನ ಹೆರಾಲ್ಡನ್ನು ಬಿಸಿಲಿಗೆ ಬಿಟ್ಟಿದ್ದ, ಅಷ್ಟೇ.

ವಿಚಿತ್ರವೆಂದರೆ ನನಗೆ ಅದರಿಂದ ದುಃಖವಾಗಲಿಲ್ಲ. ಅಜ್ಜ ನಮ್ಮ ನಿರಾಸೆಗೆ ನಕ್ಕು, ಕಟ್ಟಿದ್ದ ಖಿಲಾರಿ ಹೋರಿಯ ಹತ್ತಿರ ಕರೆದೊಯ್ದರು. ಬಾಯಿ ಬಿಡಿಸಿ ಹಲ್ಲು ತೋರಿಸಿದರು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು, ಹೀಗೆ ವಯಸ್ಸು. ಬೆನ್ನ ಮೇಲಿನ ಸುಳಿ, ಕೊಂಬಿನ ಬಾಗು, ಗೊರಸಿನ ಕಪ್ಪು. “ಕೊಂಬಿಗೆ ಎಣ್ಣಿ ಹಚ್ಚಿ ಮಿಂಚಸ್ತಾರ. ಹಲ್ಲಿಗೆ ಏನ್ ಹಚ್ಚತಾರ?” ಎಂದರು. ನಾವು ಬಣ್ಣ ಬಿಟ್ಟು ಛಾಸಿ ನಂಬರು ಹುಡುಕುವುದೂ ಅದೇ ವಿದ್ಯೆ. ಎತ್ತನ್ನು ಕೊಳ್ಳದೆಯೂ ಜಾತ್ರೆಯಲ್ಲಿ ಮೂರು ದಿನ ಎತ್ತು ನೋಡಿ ತಣಿಯುವವರಿದ್ದಾರೆ. ನಾನು ಆ ಜಾತಿ.

ಕಾಕಾ ಮಾತ್ರ ಗಾಡಿ ಬಿಟ್ಟು ಏಳಲಿಲ್ಲ. “ಹೆರಾಲ್ಡ್ ಆದ್ರ ಏನಾತು? ಬಾಗಲ ಎರಡ ಇದ್ದದ್ದು ಈಗ ಎಲ್ಲಿ ಕಾಣತಾವ? ನಾಕ ಬಾಗಲದ್ದು ಬ್ಯಾರೇ.” ಆ ಮಾತು ನಿಜ. ಮದರಾಸಿನವರು ಕೊನೆಗೆ ನಾಲ್ಕು ಬಾಗಿಲು ಮಾಡಿದರು, 1972ಕ್ಕೆ ಗೆಜೆಲ್ ತಂದರು. ಅದರಲ್ಲಿ ಸ್ವಿಂಗ್ ಆಕ್ಸಲ್ಲೂ ಇಲ್ಲ. ಇಪ್ಪತ್ತೈದು ಅಡಿಯ ಅಂಗಳದಲ್ಲಿ ಸುತ್ತು ಹೊಡೆಯುವ ಸ್ಟಿಯರಿಂಗಂತೂ ಹೆರಾಲ್ಡಿನ ಹೆಮ್ಮೆ. ಒಕ್ಕುವ ಕಣದಲ್ಲಿ ಹಂತಿಯ ಎತ್ತು ತಿರುಗಿದಷ್ಟೇ ಸಲೀಸು. ಕಾರ್ಬುರೇಟರ್ ಹುಡುಕಿದರೆ ಸಿಗುತ್ತದೆ, ಸಿಗದ ಬುಷ್ಷುಗಳನ್ನು ಕೊಲ್ಲಾಪುರದ ಲೇತಿನವರು ನೋಡಿ ನೋಡಿಯೇ ತಿರುವಿ ಕೊಡುತ್ತಾರೆ.

ತೊಡಕು ಇದ್ದದ್ದು ಕಾಗದದಲ್ಲಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ಪಾಸಿಂಗ್ ಆಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. 20,000 ರೂಪಾಯಿ, ಹತ್ತು ವರ್ಷ, ಫಲಕದ ಮೇಲೆ ‘ವಿಎ’ ಎಂಬ ಅಕ್ಷರ. ಆದರೆ ಛಾಸಿ, ಬಾಡಿ, ಎಂಜಿನ್ನು ಮೂಲದ ಹಾಗೆಯೇ ಇರಬೇಕು. ಮಾಡಿಲ್ಲದ ಹೆರಾಲ್ಡನ್ನು ತೋರಿಸಿದರೆ ಆರ್‌ಟಿಒ ಸಾಹೇಬರು ಒಪ್ಪುತ್ತಾರೆಯೇ? ಅಲ್ಲಿಗೆ ನಮಗೆ ಬೋಲ್ಟು ನೆನಪಾದವು. ಕೊಯ್ದಿಲ್ಲ, ಬಿಚ್ಚಿದ್ದಾರೆ. ಬಿಚ್ಚಿದ್ದು ಎಲ್ಲೋ ಇರಲೇಬೇಕು. ಬಾನೆಟ್ಟು ಅಟ್ಟದ ಮೇಲಿತ್ತು, ಜೋಳದ ಚೀಲಗಳ ಹಿಂದೆ. ಮಾಡು ಮಾತ್ರ ಕಾಣಲಿಲ್ಲ.

“ಮೊದ್ಲ ವ್ಯವಹಾರ ಮುಗೀಲಿ,” ಎಂದ ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಕಾಕಾನ ಕೈ ಮೇಲೆ ಹೊದಿಸಿದರು. ಕಾರಿಗೆ ಟವೆಲ್ ವ್ಯಾಪಾರ ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಳಗೆ ಬೆರಳು ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಕಾಕಾನ ಹುಬ್ಬು ಏರಿತು, ಅಜ್ಜನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಟವೆಲ್ ಮರಳಿ ಹೆಗಲೇರಿತು. ಎಷ್ಟಕ್ಕೆ ಎಂದು ಕಾಕಾ ನಮಗೆ ಇವತ್ತಿಗೂ ಹೇಳಿಲ್ಲ.

ಮಾಡು ಸಿಕ್ಕಿತು. ಹಿತ್ತಲ ಗೋಡೆಗೆ ಒರಗಿ, ಸಗಣಿ ಬಳಿದುಕೊಂಡು, ಕೆಳಗೆ ಮೂರು ಆಡಿನ ಮರಿಗಳನ್ನು ಬಿಸಿಲಿನಿಂದ ಕಾಯುತ್ತ ಕೂತಿತ್ತು. ನಾವು ನಾಲ್ವರೂ ನಾಲ್ಕು ಮೂಲೆಗೆ ಕೈ ಹಾಕಿದಾಗ ಒಳಗಿನಿಂದ ಅಜ್ಜಿ ಬಂದರು.

“ಏ ಅದನ್ಯಾಕ ಎತ್ತತೀರಿ? ಅದು ವ್ಯಾಪಾರದಾಗ ಇಲ್ಲ. ಮರಿಗೋಳಿಗೆ ಇನ್ನೊಂದು ತಂದಿಡ್ರಿ, ಆಮ್ಯಾಲ ಒಯ್ಯೀರಂತ.”