ನಾನಲ್ಲ, ನಾನಲ್ಲ

ಗರ್ಭಕಂಠದ ಕ್ಯಾನ್ಸರಿಗೆ ದಾರಿ ಮಾಡುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಸೋಂಕಿನ ಅಪಾಯಗಳ ಪಟ್ಟಿ ಓದಲು ಕೂತರೆ ನನ್ನೊಳಗಿನ ವಕೀಲೆ ಕೋಟು ತೊಟ್ಟು ಎದ್ದು ನಿಲ್ಲುತ್ತಾಳೆ. ಎಳೆಯ ವಯಸ್ಸಿನಲ್ಲೇ ದೇಹಸಂಪರ್ಕ? ನಾನಲ್ಲ. ಒಬ್ಬರಿಗಿಂತ ಹೆಚ್ಚು ಸಂಗಾತಿಗಳು? ಖಂಡಿತ ನಾನಲ್ಲ. ಸಿಗರೇಟು? ಛೇ! ಇದರಲ್ಲಿ ಆರೋಗ್ಯದ ಚಿಂತೆ ಎಷ್ಟು, ಮರ್ಯಾದಸ್ಥ ಹೆಂಗಸೆಂಬ ಜಂಬ ಎಷ್ಟು ಎಂದು ಬಿಡಿಸಿ ನೋಡಿದರೆ ಜಂಬದ ಪಾಲೇ ದೊಡ್ಡದು. ಈ ಸೋಂಕು 'ಅಂಥವರಿಗೆ' ಬರುವಂಥದ್ದು ಎಂದು ಮನಸ್ಸು ಯಾವಾಗಲೋ ತೀರ್ಪು ಕೊಟ್ಟುಬಿಟ್ಟಿದೆ.

1842ರಲ್ಲಿ ರಿಗೋನಿ-ಸ್ಟರ್ನ್ ಎಂಬ ಇಟಲಿಯ ವೈದ್ಯ ವೆರೋನಾದ ಮರಣ ದಾಖಲೆಗಳನ್ನು ಜಾಲಾಡಿ, ಗರ್ಭಕೋಶದ ಕ್ಯಾನ್ಸರ್ ಕ್ರೈಸ್ತ ಸನ್ಯಾಸಿನಿಯರಲ್ಲಿ ಅಪರೂಪ ಎಂದು ಗುರುತಿಸಿದ. ಇದನ್ನು ಓದಿ ಮೊದಲು ಖುಷಿಪಟ್ಟೆ, ಶೀಲಕ್ಕೆ ಸಿಕ್ಕ ಸರ್ಟಿಫಿಕೇಟಿನಂತೆ. ಆದರೆ ಆತ ಸನ್ಯಾಸಿನಿಯರನ್ನು ಹೋಲಿಸಿದ್ದು ವಿವಾಹಿತೆಯರ ಜೊತೆ. ಅಂದರೆ ನಾನು ಕೂತಿರುವುದು ಆಚೆ ಸಾಲಿನಲ್ಲಿ.

ಗಂಡನಿಗೆ ಹಿಂದೆ ಬೇರೆ ಸಂಪರ್ಕ ಇದ್ದಿದ್ದರೆ, ಹೆಂಡತಿಗೆ ಅವನೊಬ್ಬನೇ ಆದರೂ ಸೋಂಕು ತಗಲಬಹುದು. ಚರ್ಮದಿಂದ ಚರ್ಮಕ್ಕೆ ದಾಟುವ ವೈರಸ್ ಇದು. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಇಷ್ಟು ತಿಳಿದದ್ದೇ ತಡ, ನನ್ನ ವಕೀಲೆ ಪಕ್ಷ ಬದಲಿಸಿ ಇವರನ್ನೇ ಕಟಕಟೆಗೆ ಎಳೆದಳು. ಅದೂ ನಿಲ್ಲುವ ವಾದವಲ್ಲ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಇವತ್ತು ಪಾಸಿಟಿವ್ ಬಂದರೆ ಅದು ಯಾವಾಗ, ಯಾರಿಂದ ಬಂತೆಂದು ಆ ವರದಿ ಹೇಳಲಾರದು. ನನ್ನನ್ನು ಖುಲಾಸೆ ಮಾಡದ ಪಟ್ಟಿ, ಅವರಿಗೆ ಶಿಕ್ಷೆಯನ್ನೂ ಕೊಡುವುದಿಲ್ಲ.

ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಬಹುಪಾಲು ಜನರಿಗೆ ಈ ಸೋಂಕು ತಗಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷಗಳಲ್ಲಿ ಅದನ್ನು ತಾನೇ ಹೊರಹಾಕುತ್ತದೆ. ಭಯ ಇರುವುದು ಹೋಗದೆ ಉಳಿದಾಗ, ಅದರಲ್ಲೂ 16 ಮತ್ತು 18ನೇ ಬಗೆಯವು ಉಳಿದಾಗ: ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇಕಡಾ 70ರಷ್ಟು ಪ್ರಕರಣಗಳಿಗೆ ಇವೆರಡೇ ಕಾರಣ. ಧೂಮಪಾನ, ಎಚ್‌ಐವಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಗಳು ಅದು ಬೇರೂರಲು ಅನುವು ಮಾಡಿಕೊಡುತ್ತವೆ. ಹೆಚ್ಚು ಹೆರಿಗೆಗಳು, ಐದು ವರ್ಷಕ್ಕೂ ಮೀರಿ ನುಂಗಿದ ಗರ್ಭನಿರೋಧಕ ಮಾತ್ರೆ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಹೆರಿಗೆಯಾಗಲಿ, ಮಾತ್ರೆಯಾಗಲಿ ನನ್ನ ಪಾಪದ ಲೆಕ್ಕದಲ್ಲಿ ಇರಲೇ ಇಲ್ಲ. ಸಂಸಾರವೇ ಬೇಡಿದ್ದನ್ನು ಪಾಪ ಎನ್ನುವುದು ಹೇಗೆ?

ಮೂವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇಕಡಾ 2ರಷ್ಟು ಕೂಡ ಇಲ್ಲ. ಉಳಿದವರಲ್ಲಿ ನಾನೂ ಒಬ್ಬಳು. 'ನಾನಲ್ಲ' ಎನ್ನುವವರೆಲ್ಲ ಸೇರಿಯೇ ಆ ಉಳಿದವರ ಸಂಖ್ಯೆ ಇಷ್ಟು ದೊಡ್ಡದಾಗಿರಬೇಕು.

ಪಾಸಿಟಿವ್ ಬಂದರೆ ಅಕ್ಕನಿಗೆ ಏನು ಹೇಳಲಿ, ಇವರ ಮುಖ ಹೇಗೆ ನೋಡಲಿ ಎಂಬ ಅಳುಕು ಇಷ್ಟೆಲ್ಲ ತಿಳಿದ ಮೇಲೂ ಹೋಗಿಲ್ಲ. ಅದು ಹೋಗಲಿ ಎಂದು ಕಾದರೆ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. ಅಳುಕನ್ನೂ ಕರೆದುಕೊಂಡೇ ಹೋಗುತ್ತೇನೆ.